ಹಗ್ಗದಲ್ಲಿ ಬಿಟ್ಟ ಜಾಗ

ಮರವಂತೆಯ ಕಡಲ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಕಡಲಿಗೆ ಬಿಟ್ಟು ದಡದಿಂದ ಎಳೆಯುವ ರಂಪಣಿ ಬಲೆಯ ಹಗ್ಗ ಹಿಡಿದು ಸಾಲಾಗಿ ನಿಂತವರ ನಡುವೆ, ಪಂಚೆ ಎತ್ತಿ ಕಟ್ಟಿ, ಕನ್ನಡಕವನ್ನು ಅಂಗಿಯ ಜೇಬಿಗೆ ಸೇರಿಸಿದ ಒಬ್ಬರಿದ್ದಾರೆ. ಬ್ರಹ್ಮಾವರದ ಗುಣಪಾಲ. ಮನಶ್ಶಾಸ್ತ್ರ ಕಲಿಸುವವರು, ಮನುಷ್ಯನನ್ನು ದುಡಿಸುವುದು ಯಾವುದು ಎಂಬುದೇ ಅವರ ಅಧ್ಯಯನ.

"ಹ್ವಾಯ್ ಮಾಷ್ಟ್ರೆ, ಇವತ್ತ್ ಮುಂಡಾಸ್ ಯಾರಿಗೆ? ನಿಮ್ಗೇ ಕಟ್ಟುವನಾ?" ಎಂದು ಹಗ್ಗದ ಆ ತುದಿಯಿಂದ ಕುಷ್ಟ ಕೂಗುತ್ತಾನೆ. ಸಾಲೆಲ್ಲ ನಗುತ್ತದೆ. ಗುಣಪಾಲರು ತಲೆ ತಗ್ಗಿಸಿ ಎಳೆಯುತ್ತಾರೆ.

ಇಲ್ಲಿನ ಕಟ್ಟಳೆ ಹಳೆಯದು. ಹಗ್ಗಕ್ಕೆ ಕೈ ಸೇರಿಸಿದವರಿಗೆಲ್ಲ ಮೀನಿನ ಪಾಲುಂಟು. ಮುದುಕ ಮುದುಕಿಯರು ಸುಮ್ಮನೆ ಮುಟ್ಟಿಕೊಂಡು ನಡೆದರೂ ಕೇಳುವವರಿಲ್ಲ. 1969ರ ಚಳಿಗಾಲದಲ್ಲಿ ಗುಣಪಾಲರು ಇಲ್ಲೊಂದು ಪ್ರಯೋಗ ಮಾಡಿದರು. ದಿನವೂ ಚೆನ್ನಾಗಿ ಎಳೆದವನಿಗೆ ಎಲ್ಲರೆದುರು ಒಂದು ಕೆಂಪು ಮುಂಡಾಸು. ಬಲೆ ಬೇಗ ದಡ ಸೇರತೊಡಗಿತು. ಕಾಲೇಜಿನ ಮೇಲಿನವರು ಭೇಷ್ ಎಂದರು. ಆದರೆ ಮುಂಡಾಸಿನ ಆಸೆಗೆ ಬಿದ್ದ ಗಟ್ಟಿಗರು, ಕಾಲಿಗೆ ಅಡ್ಡ ಬರುತ್ತಾರೆಂದು ಮುದುಕರ ಕೈಯನ್ನು ಹಗ್ಗದಿಂದ ಬಿಡಿಸಿದ್ದರು. ಪ್ರಯೋಗ ಮುಗಿಯಿತು, ಮುಂಡಾಸುಗಳು ಹರಿದವು. ಬಿಡಿಸಿದ ಕೈಗಳು ಮರಳಲಿಲ್ಲ.

ಆ ಮುದುಕರಲ್ಲಿ ಈಗ ಉಳಿದವಳು ವಿಧವೆ ಅಕ್ಕು ಒಬ್ಬಳೇ. ಬಲೆಯ ಯಜಮಾನ ಮುತ್ತ ಅವಳ ಮನೆಗೆ ಮೀನು ಕಳಿಸುತ್ತಾನೆ, ಅವಳು ಹಿಂದೆ ಕಳಿಸುತ್ತಾಳೆ. "ಹಗ್ಗ ಮುಟ್ದೆ ತಕಂಡ್ರೆ ಅದ್ ಭಿಕ್ಷೆ" ಅನ್ನುತ್ತಾಳೆ. ಗಂಜಿಗೆ ಉಪ್ಪಿನ ಹರಳೇ ಗತಿ. ಮೈ ಸೊರಗಿ ಕಡ್ಡಿಯಾಗಿದೆ. ಆದರೂ ಬೆಳಗಾದರೆ ಬಂದು ಕವುಚಿಟ್ಟ ದೋಣಿಯ ಬದಿಗೆ ಕೂರುತ್ತಾಳೆ.

ಅದಕ್ಕೇ ಗುಣಪಾಲರು ರಜೆ ಸಿಕ್ಕಾಗಲೆಲ್ಲ ಹಿಂದಿನ ಸಂಜೆಯೇ ಬಂದು ಮುತ್ತನ ಜಗಲಿಯಲ್ಲಿ ಮಲಗುತ್ತಾರೆ. ಎಳೆಯುವಾಗ ತಮ್ಮ ಹಿಂದೆ ಎರಡು ಕೈ ಹಿಡಿಯುವಷ್ಟು ಹಗ್ಗ ಬಿಟ್ಟಿರುತ್ತಾರೆ.

"ಅಕ್ಕಮ್ಮ, ಬನ್ನಿ. ಜಾಗ ಇತ್ತ್."

"ನಾನಿಲ್ದಿರೆ ಬಲೆ ಬೇಗ ಬತ್ತ್ ಅಂದೇಳಿ ತೋರ್ಸ್‌ಕೊಟ್ಟದ್ ನೀವೇ ಅಲ್ದಾ ಮಾಷ್ಟ್ರೆ? ಈಗ ಎಂತಕ್ಕೆ ಕರೂದ್?"

ಗುಣಪಾಲರು ಹಿಂದಿನ ಜಾಗವನ್ನು ಹಾಗೆಯೇ ಬಿಟ್ಟು ಎಳೆಯುತ್ತಾರೆ. ಬಲೆ ದಡಕ್ಕೆ ಬರುತ್ತದೆ, ಬಂಗಡೆ ಪುಟಿಯುತ್ತದೆ. ಪಾಲು ಹಂಚುವ ಹೊತ್ತಿಗೆ ಅಕ್ಕು ಮೊಣಕಾಲು ಹಿಡಿದು ಎದ್ದು, ಬೆನ್ನು ತಿರುಗಿಸಿ ಹೋಗುತ್ತಾಳೆ.

ಗುಣಪಾಲರು ಬೊಬ್ಬೆಯೆದ್ದ ಅಂಗೈಯನ್ನು ಉಪ್ಪುನೀರಿನಲ್ಲಿ ಅದ್ದುತ್ತ ಮುತ್ತನಿಗೆ ಹೇಳುತ್ತಾರೆ:

"ಅವ್ರ್ ಎಳೂದೇನೂ ಬ್ಯಾಡ. ಒಂದ್ ದಿನ ಬಂದ್ ಹಗ್ಗ ಮುಟ್ರೆ ಸಾಕ್. ಆ ದಿನ ಬಲೆ ಖಾಲಿ ಬಂದ್ರೂ ಅಡ್ಡಿಲ್ಲೆ."