ಕಾಗೆ ಮುಟ್ಟಿದ ಮೇಲೆ ಬಹುಮಾನ

ಗಂಗೊಳ್ಳಿಯ ಆ ಮನೆಯ ಬಹುಮಾನಕ್ಕೆ ವೇದಿಕೆ, ಮೈಕು ಯಾವುದೂ ಇರಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಊರ ಶಾಲೆಗೆ ಮೊದಲು ಬಂದವರು ಮನೆಗೇ ಹೋಗಿ ನಗದು ತೆಗೆದುಕೊಳ್ಳಬೇಕು. ಕೊಡುವವರು ಬೋಟು ಮಾಲಕರ ಹೆಂಡತಿ. ಅವರ ಮಗ ಪರೀಕ್ಷೆ ಬರೆದು ರಜೆಯಲ್ಲಿ ಬೋಟು ಹತ್ತಿದವನು, ಅಳಿವೆಯ ಅಲೆಗೆ ಬೋಟು ಮಗುಚಿ ಸತ್ತಿದ್ದ. ಆ ವರ್ಷ ಫಲಿತಾಂಶ ತಡವಾಗಿ, ಆಮೇಲೆ ಬಂತು. ಶಾಲೆಗೆ ಅವನೇ ಮೊದಲಿಗ.

ಅವನ ತಿಥಿಯ ದಿನವೇ ಬಹುಮಾನ. ಅಂಗಳದ ಕಟ್ಟೆಯ ಮೇಲೆ ಅವನಿಗೆಂದು ಬಡಿಸಿಟ್ಟ ಎಲೆಯನ್ನು ಕಾಗೆ ಮುಟ್ಟಬೇಕು. ಮುಟ್ಟಿದ ಮೇಲೆಯೇ ಹಣ ಕೈಗೆ. ಕುಂದಾಪುರದಿಂದ ಪತ್ರಿಕೆಗೆ ಸುದ್ದಿ ಮಾಡಲು ನಾನು ಅಲ್ಲಿಗೆ ಹೋಗಿದ್ದ ವರ್ಷ ಮೊದಲು ಬಂದವಳು ಮೀನು ಮಾರುವ ಹೆಂಗಸಿನ ಮಗಳು. ಪಿಯುಸಿ ವಿಜ್ಞಾನಕ್ಕೆ ಸೀಟು ಸಿಕ್ಕಿತ್ತು. ಶುಲ್ಕ ಕಟ್ಟಲು ಮರುದಿನವೇ ಕೊನೆ. ತಾಯಿ ಮಗಳು ನೆಚ್ಚಿಕೊಂಡದ್ದು ಈ ಹಣವನ್ನೇ.

ಬಿಸಿಲು ಏರಿತು. ಬಂದರಿನ ಕಡೆ ಕಾಗೆಗಳ ಗಲಾಟೆ ಕೇಳುತ್ತಿತ್ತು. ಈ ಅಂಗಳದ ತೆಂಗಿನ ಮರದಲ್ಲಿ ಒಂದೇ ಒಂದು ಕೂತಿತ್ತು. ಅದು ಎಲೆಯನ್ನು ನೋಡುತ್ತಿರಲಿಲ್ಲ, ಹುಡುಗಿಯನ್ನು ನೋಡುತ್ತಿತ್ತು. ನನಗೆ ಹಾಗೆ ಕಂಡಿತು ಎಂದಷ್ಟೇ ಹೇಳಬಲ್ಲೆ.

"ನನ್ನ ಬುಟ್ಟಿ ಹತ್ರ ಕಾಕಿ ಓಡ್ಸಿ ಓಡ್ಸಿ ಸಾಕಾತ್ತ್. ಇಲ್ಲ್ ಕರ್ದ್ರೂ ಬತ್ತಿಲ್ಲ ಕಾಣಿ" ಎಂದರು ಹುಡುಗಿಯ ತಾಯಿ. ಯಾರೂ ನಗಲಿಲ್ಲ.

ಮನೆಯೊಡತಿ ಮರದ ಕಡೆ ಕೈಮುಗಿದರು. "ಎಂತ ಬೇಜಾರ್ ಮಗಾ? ಬಂಗುಡೆ ಸಾರಿಗೆ ಉಪ್ಪ್ ಕಮ್ಮಿ ಆಯ್ತಾ?"

ಕಾಗೆ ಕದಲಲಿಲ್ಲ. ಅವರು ಹುಡುಗಿಯ ಕಡೆ ತಿರುಗಿದರು. "ನಿಂಗೆಷ್ಟ್ ಬಂತ್ ಹೆಣ್ಣೆ?"

ಅವಳು ಅಂಕ ಹೇಳಿದಳು. ತೀರಿಕೊಂಡ ಮಗನಿಗಿಂತ ಒಂದು ಹೆಚ್ಚು. ಇಷ್ಟು ವರ್ಷಗಳಲ್ಲಿ ಯಾರೂ ಅವನನ್ನು ದಾಟಿರಲಿಲ್ಲವಂತೆ.

"ಹಾಂಗಾರೆ ಅದೇ ಬೇಜಾರ್" ಎಂದು ಮನೆಯೊಡತಿ ಹಣವಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೊರಟರು. "ಅಂವ ಒಪ್ದೆ ನಾ ಕೊಡೂಕ್ ಆತ್ತಿಲ್ಲ."

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಕಟ್ಟೆಯ ಹತ್ತಿರ ಹೋಗಿ ತಲೆಯೆತ್ತಿ, ಮನೆಯವರೊಡನೆ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು: "ಅಣ್ಣಾ, ನಾ ಹೇಳಿದ್ ಸುಳ್ಳ್. ನಂಗೆ ನಿಂಗಿಂತ ಕಮ್ಮಿ ಬಂದದ್. ನೀನೇ ಫಸ್ಟ್."

ಕಾಗೆ ನೇರ ಇಳಿದು ಅನ್ನಕ್ಕೆ ಕೊಕ್ಕು ಹಾಕಿತು. ಎರಡನೇ ತುತ್ತಿಗೆ ಮುಂಚೆ ಕತ್ತು ಓರೆ ಮಾಡಿ ಮತ್ತೊಮ್ಮೆ ಅವಳನ್ನು ನೋಡಿತು.

ಮನೆಯೊಡತಿ ತಿರುಗಿ ಬಂದು ತಟ್ಟೆಯನ್ನು ಹುಡುಗಿಯ ಕೈಗೆ ಕೊಟ್ಟು ತಲೆ ಸವರಿದರು. ಅವರ ಮುಖದಲ್ಲಿ ಸಮಾಧಾನವಿತ್ತು. "ಲಾಯ್ಕ್ ಮಾಡಿ ಓದ್. ಮತ್ತೆ, ಮರುಮೌಲ್ಯಮಾಪನಕ್ಕೆಲ್ಲ ಹಾಕ್ಬೇಡ, ಅಕಾ?"

ಗೇಟು ದಾಟಿದ ಮೇಲೆ ಹುಡುಗಿ ನನ್ನ ಪಕ್ಕಕ್ಕೆ ಬಂದಳು. "ಸರ್, ಪೇಪರಲ್ಲ್ ನನ್ನ ಮಾರ್ಕ್ ಹಾಕ್ಬೇಡಿ."

"ಆ ಮನೆಯ ಅಮ್ಮ ಪೇಪರ್ ಓದ್ತ್ರಾ?" ಎಂದು ಕೇಳಿದೆ.

"ಅವ್ರಿಗೆ ಓದೂಕೆ ಬತ್ತಿಲ್ಲ" ಎಂದವಳು ತೆಂಗಿನ ಮರದ ಕಡೆ ತಿರುಗಿ ನೋಡಿದಳು.

ತಾಯಿ ಅವಳ ರಟ್ಟೆ ಹಿಡಿದು ಬಸ್‌ಸ್ಟಾಂಡಿನ ಕಡೆ ನಡೆಸಿಕೊಂಡು ಹೋದರು.

ಸಂಜೆ ಸುದ್ದಿ ಕಳಿಸಿದೆ. ಡೆಸ್ಕಿನಿಂದ ಫೋನು ಬಂತು: ಬಹುಮಾನದ ಸುದ್ದಿ, ಅಂಕವೇ ಇಲ್ಲವಲ್ಲ?

"ದೃಢಪಟ್ಟಿಲ್ಲ" ಎಂದೆ.