ಮೂವತ್ತು ಗುಟುಕು

ಉಸ್ತಾದರ ಕುತ್ತಿಗೆಯ ಸುತ್ತ ಒಂದು ಕಪ್ಪು ಗೆರೆ ಇತ್ತು. ವರ್ಷಗಟ್ಟಲೆ ಸೀಟಿಯ ದಾರ ಉಜ್ಜಿ ಉಜ್ಜಿ, ನೊಗ ಹೊತ್ತ ಎತ್ತಿನ ಹೆಗಲಿನಂತೆ ಅಲ್ಲಿಯ ಚರ್ಮ ದಡ್ಡುಗಟ್ಟಿತ್ತು. ಆದರೆ ನಾನು ನೋಡುವ ಹೊತ್ತಿಗೆ ಆ ಕುತ್ತಿಗೆಯಲ್ಲಿ ಸೀಟಿ ಇರಲಿಲ್ಲ. ಬೀದರಿನ ಕೋಟೆಯ ಹಿಂದಿನ ಕೆಂಪು ಮೈದಾನದಲ್ಲಿ ಸೇನೆ ಸೇರಲು ತಯಾರಾಗುತ್ತಿದ್ದ ನಮ್ಮನ್ನೆಲ್ಲ ಅವರು ಚಪ್ಪಾಳೆಯಿಂದಲೇ ಓಡಿಸುತ್ತಿದ್ದರು. ಒಂದು ಚಪ್ಪಾಳೆಗೆ ಓಡಬೇಕು, ಎರಡಕ್ಕೆ ನಿಲ್ಲಬೇಕು, ಮೂರಕ್ಕೆ ಇದ್ದಲ್ಲೇ ನೆಲಕ್ಕೆ ಬೀಳಬೇಕು. ಸೀಟಿ ಯಾಕಿಲ್ಲ ಎಂದು ಕೇಳಿದ ಒಬ್ಬನಿಗೆ ಮೈದಾನದ ಸುತ್ತ ಮಂಡಿಯ ಮೇಲೆ ನಡೆಯುವ ಭಾಗ್ಯ ಸಿಕ್ಕಿತು. ಆಮೇಲೆ ಯಾರೂ ಕೇಳಲಿಲ್ಲ.

ಅವರು ಔರಾದ ತಾಲ್ಲೂಕಿನ ಚಿಂತಾಕಿಯವರು, ಕುರಿ ಸಾಕುವ ಮನೆತನ. ಸೇನೆ ಸೇರಿ ಹವಾಲ್ದಾರರಾಗಿ, ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯೊಂದರಲ್ಲಿ ಕವಾಯತು ಕಲಿಸುವ ಉಸ್ತಾದರಾಗಿದ್ದರು. ಬಡ್ತಿ ಸಿಗದೆ ಅವಧಿಗೆ ಮೊದಲೇ ಮನೆಗೆ ಬಂದಿದ್ದರು. ಯಾಕೆ ಎಂಬುದು ಬೀದರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಭಾಲ್ಕಿಯವಳು, ತಾಲ್ಲೂಕು ಕಚೇರಿಯ ಗುಮಾಸ್ತರ ಮಗಳು, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಸೇನೆಯ ಅಧಿಕಾರಿಯಾಗುವ ಹುಚ್ಚು ಹತ್ತಿಸಿಕೊಂಡು ಬೀದರಿನ ಅತ್ತೆಯ ಮನೆಯಲ್ಲಿ ಉಳಿದು ಅವರ ಮೈದಾನಕ್ಕೆ ಹೋಗತೊಡಗಿದೆ. ಅವರು ನನ್ನ ಹೆಸರು ಕೇಳಲಿಲ್ಲ. ಸಾಲಿನಲ್ಲಿ ಎಣಿಸಿ "ಹನ್ನೊಂದು" ಎಂದರು. ಅವರು ಸಾಯುವ ತನಕ ನಾನು ಹನ್ನೊಂದೇ ಆಗಿದ್ದೆ.

ಬೈಗುಳದಲ್ಲಿ ಅವರಿಗೆ ಬಡತನವಿರಲಿಲ್ಲ. "ಏ ಹನ್ನೊಂದು, ನೀ ಓಡ್ಲಿಕತ್ತಿಲ್ಲ, ಲಗ್ನದ ಊಟಕ್ಕ ಹೊಂಟೀದಿ," ಎನ್ನುತ್ತಿದ್ದರು. ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲೆ ಹೋದಾಗ ಯಾರಾದರೂ ಕತ್ತೆತ್ತಿದರೆ ಇಪ್ಪತ್ತು ಕಪ್ಪೆಜಿಗಿತ. ಕಣ್ಣೀರು ಹಾಕಿದವರಿಗೆ ಇನ್ನಿಪ್ಪತ್ತು. ಇದೆಲ್ಲ ಅಕಾಡೆಮಿಯ ಹಳೆಯ ಸಂಪ್ರದಾಯ, ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ ಎಂದು ಅವರು ಹೇಳುತ್ತಿದ್ದರು.

ಅವರ ಕ್ರೌರ್ಯ ದಿನವೂ ನೀರಿನಿಂದಲೇ ಶುರುವಾಗುತ್ತಿತ್ತು. ಓಡುವ ಮೊದಲು ಪ್ರತಿಯೊಬ್ಬರೂ ಅವರ ಎದುರು ನಿಂತು ಮೂವತ್ತು ಗುಟುಕು ನೀರು ಕುಡಿಯಬೇಕು. ಇಪ್ಪತ್ತೊಂಬತ್ತು ನಡೆಯುವುದಿಲ್ಲ. ಅವರು ಬಾಟಲಿಯನ್ನು ನೋಡುತ್ತಿರಲಿಲ್ಲ, ಗಂಟಲನ್ನು ನೋಡುತ್ತಿದ್ದರು. ಗಂಟಲು ಒಮ್ಮೆ ಏರಿಳಿದರೆ ಒಂದು. ಓಡಿ ಬಂದ ಮೇಲೆ ಕೈ ಚಾಚಬೇಕು. ಕೈಯ ಮೇಲ್ಭಾಗದ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ ಬಿಡುತ್ತಿದ್ದರು. ಚರ್ಮ ತಟ್ಟನೆ ಕೂತರೆ ಮೈಯಲ್ಲಿ ನೀರಿದೆ, ಎದ್ದು ನಿಂತೇ ಇದ್ದರೆ ಇಲ್ಲ. "ನಮ್ಮಪ್ಪ ಕುರಿಗೆ ಹಿಂಗೇ ನೋಡ್ತಿದ್ದ," ಎಂದರು ಒಮ್ಮೆ. "ಕುರಿ ಸತ್ರ ಲುಕ್ಸಾನ ಅದ. ನೀವು ಸತ್ರ ಏನದ?"

ಸಾಯಗಾಂವದಿಂದ ಬರುತ್ತಿದ್ದ ಏಳನೇ ನಂಬರಿನವನು ಒಂದು ದಿನ ಇಪ್ಪತ್ತು ಗುಟುಕು ಕುಡಿದು ಉಳಿದದ್ದನ್ನು ಬಾಯಲ್ಲೇ ಇಟ್ಟುಕೊಂಡು ಗಿಡದ ಮರೆಗೆ ಹೋಗಿ ಉಗುಳಿದ. ಉಸ್ತಾದರು ಅವನನ್ನು ಕರೆದು ಮತ್ತೆ ಒಂದರಿಂದ ಎಣಿಸಿದರು. ಇಪ್ಪತ್ತೈದಕ್ಕೆ ಅವನು ವಾಂತಿ ಮಾಡಿಕೊಂಡ. ಮತ್ತೆ ಒಂದರಿಂದ. ನಾವೆಲ್ಲ ಬಿಸಿಲಲ್ಲಿ ಸಾವಧಾನ್ ಭಂಗಿಯಲ್ಲಿ ನಿಂತು ನೋಡಿದೆವು. ಮರುದಿನ ಅವನು ಬರಲಿಲ್ಲ. "ಛಲೋ ಆಯ್ತು," ಎಂದರು ಉಸ್ತಾದರು, "ಮನ್ಯಾಗ ಇದ್ರ ಬದುಕ್ತಾನ." ನಾನು ನಕ್ಕೆ. ಹತ್ತೊಂಬತ್ತು ವರ್ಷದವಳಿಗೆ ಅದು ತಮಾಷೆಯಾಗಿ ಕೇಳಿಸಿತ್ತು.

ಹುಡುಗಿಯರು ಇದ್ದದ್ದು ಇಬ್ಬರೇ. ನಮ್ಮ ಕೈಯನ್ನು ಅವರು ಮುಟ್ಟುತ್ತಿರಲಿಲ್ಲ, ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದರು. ಒಂದು ವಾರ ಸಹಿಸಿಕೊಂಡೆ. ಎಂಟನೇ ದಿನ ಅವರ ದಾರಿಗೆ ಕೈ ಅಡ್ಡ ಹಿಡಿದು, "ನನಗೂ ನೋಡ್ರಿ ಉಸ್ತಾದ, ನಾನೂ ಓಡೀನಿ," ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಗಂಡು ಹುಡುಗರಿಗೆ ಚಿವುಟಿದ್ದರ ಎರಡರಷ್ಟು ಜೋರಾಗಿ ಚಿವುಟಿದರು. ಆ ಭಾನುವಾರ ಭಾಲ್ಕಿಯಲ್ಲಿ ನೀಲಿಗಟ್ಟಿದ ಕೈ ಕಂಡು ನನ್ನ ಹೆತ್ತ ಆಯಿ ಅತ್ತಳು. ನನಗೆ ಮಾತ್ರ ಪದಕ ಸಿಕ್ಕಷ್ಟು ಖುಷಿ.

ಆಯ್ಕೆಯಾಗಿ ಅಕಾಡೆಮಿಗೆ ಹೋದೆ. ಉಸ್ತಾದರು ಇದ್ದದ್ದೂ ಅದೇ ಅಕಾಡೆಮಿ. ಅವರು ಹೇಳದೇ ಬಿಟ್ಟ ಒಂದು ಸಂಪ್ರದಾಯ ಕೊನೆಯ ತಿಂಗಳಲ್ಲಿ ಎದುರಾಯಿತು. ತರಬೇತಿ ಮುಗಿಯುವ ಮೊದಲು ಬೆನ್ನಿಗೆ ಭಾರ ಹೊತ್ತು ಒಂದು ಉದ್ದದ ಓಟ. ಓಟ ಶುರುವಾಗುವ ಗೆರೆಯ ಮೇಲೆ ಎಲ್ಲ ಕೆಡೆಟ್‌ಗಳೂ ತಮ್ಮ ನೀರಿನ ಬಾಟಲಿಯನ್ನು ತಲೆಕೆಳಗು ಮಾಡಿ ನೆಲಕ್ಕೆ ಸುರಿಯಬೇಕು. ಈ ನೆಲಕ್ಕೆ ನನ್ನ ನೀರನ್ನೂ ಕೊಟ್ಟೆ ಎಂದು ಅದರ ಅರ್ಥವಂತೆ. ಯಾವನೋ ಬಿಳಿಯ ಸಾಹೇಬ ಶುರು ಮಾಡಿದ್ದು ಎಂದು ಕೆಲವರು, ಅಲ್ಲ ನಮ್ಮವರೇ ಎಂದು ಕೆಲವರು. ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ ನಾನೂ ಸುರಿದೆ. ಮೈ ಜುಮ್ಮೆಂದಿತು, ಹೆಮ್ಮೆಯಾಯಿತು.

ಲೆಫ್ಟಿನೆಂಟ್ ಆಗಿ ಬೀದರಿಗೆ ಬಂದವಳು ಸಮವಸ್ತ್ರದಲ್ಲೇ ಮೈದಾನಕ್ಕೆ ಹೋದೆ. ಉಸ್ತಾದರು ಸೆಲ್ಯೂಟ್ ಮಾಡಲು ಎತ್ತಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದರು:

"ಬಾಟಲಿ ಸುರಿದಿಯೇನು?"

"ಹೌದ್ರಿ ಉಸ್ತಾದ."

ಕೈ ಇಳಿಸಿದರು. ಹೊಸ ಹುಡುಗರೆಲ್ಲ ನೋಡುತ್ತಿದ್ದಂತೆ ನನ್ನ ಕೈಗೆ ಬಾಟಲಿ ಕೊಟ್ಟು ಮೂವತ್ತು ಗುಟುಕು ಎಣಿಸಿದರು. ಆಮೇಲೆ ಹಿಮ್ಮಡಿ ಕೂಡಿಸಿ, "ಜೈಹಿಂದ್ ಮೇಡಂ ಸಾಬ್," ಎಂದು ಸೆಲ್ಯೂಟ್ ಮಾಡಿದರು. ಅಷ್ಟು ಚಂದದ ಸೆಲ್ಯೂಟ್ ನನಗೆ ಆಮೇಲೆ ಯಾರೂ ಮಾಡಿಲ್ಲ.

ಕೆಲವು ವರ್ಷಗಳ ನಂತರ ಅದೇ ಅಕಾಡೆಮಿಗೆ ಕಲಿಸುವವಳಾಗಿ ಹೋದೆ. ಹಳೆಯ ಸಂಪ್ರದಾಯಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಲು ಸಮಿತಿಯೊಂದು ಕೂತಿತು. ಕಿರಿಯಳಾಗಿ ನಾನೂ ಇದ್ದೆ. ಪಥಸಂಚಲನಕ್ಕೆ ಇಂಗ್ಲಿಷರ ರಾಗ ಬೇಕೇ ಬೇಡವೇ ಎಂದು ದೊಡ್ಡವರು ಮೂರು ದಿನ ಕಚ್ಚಾಡಿದರು. ಊಟದ ಮೇಜಿನ ಬೆಳ್ಳಿ ಚಮಚಗಳಿಗೆ ಒಂದು ದಿನ ಹೋಯಿತು. ಬಾಟಲಿಯ ವಿಷಯ ಪಟ್ಟಿಯ ಕೊನೆಯಲ್ಲಿತ್ತು, ಅದಕ್ಕೆ ಸಿಕ್ಕಿದ್ದು ಅರ್ಧ ಗಂಟೆ. ಬಿಡಬೇಕು ಎಂದೆ ನಾನು. ಅಧ್ಯಕ್ಷರಾಗಿದ್ದ ಬ್ರಿಗೇಡಿಯರ್ ಶಾಂತವಾಗಿ ಹೇಳಿದರು: "ಇದು ಆದೇಶವೇ ಅಲ್ಲವಲ್ಲಮ್ಮ. ಕೆಡೆಟ್‌ಗಳು ಸ್ವಇಚ್ಛೆಯಿಂದ ಮಾಡುತ್ತಾರೆ. ನಾವು ಕೊಡದ ಆದೇಶವನ್ನು ಹಿಂದೆಗೆದುಕೊಳ್ಳುವುದು ಹೇಗೆ?" ಇದರಿಂದ ಯಾರಿಗಾದರೂ ತೊಂದರೆಯಾಗಿದ್ದರೆ ಒಂದು ವಾರದಲ್ಲಿ ತೋರಿಸಿ ಎಂದರು.

ಹಳೆಯ ಕಡತಗಳಲ್ಲಿ ಒಂದೇ ಒಂದು ಸಾವು ಸಿಕ್ಕಿತು. ಆ ವರ್ಷ ಯಾರೋ ಗಣ್ಯರಿಗಾಗಿ ಓಟವನ್ನು ಮೇ ತಿಂಗಳಿಗೆ ಮುಂದೂಡಿದ್ದರು. ಓಟದ ತಾರೀಖು ಬದಲಾಯಿತು, ಬಾಟಲಿಯ ಸಂಪ್ರದಾಯ ಹಾಗೇ ಉಳಿಯಿತು. ಕೆಡೆಟ್ ಒಬ್ಬ ದಾರಿಯಲ್ಲಿ ಬಿದ್ದು ಸತ್ತ. 'ಮೃತನು ಸ್ವಇಚ್ಛೆಯಿಂದ ನೀರು ಸುರಿದಿದ್ದನು' ಎಂದು ವಿಚಾರಣೆಯ ಕೊನೆಯಲ್ಲಿತ್ತು. ನಿಗಾ ವಹಿಸದ ತಪ್ಪಿಗೆ ಒಬ್ಬ ಹವಾಲ್ದಾರನನ್ನು ಮನೆಗೆ ಕಳಿಸಿದ್ದರು. ಹೆಸರಿನ ಮುಂದೆ ಊರು ಚಿಂತಾಕಿ ಎಂದಿತ್ತು.

ನಾಲ್ಕು ದಿನ ರಜೆ ಹಾಕಿ ಚಿಂತಾಕಿಗೆ ಹೋದೆ. ಬೀದರಿನಿಂದ ಊರಿಗೆ ಬಂದಿದ್ದ ಉಸ್ತಾದರು ಅಣ್ಣನ ಕುರಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಒಂದು ಮರಿಯ ಚರ್ಮ ಚಿವುಟಿ ನೋಡುತ್ತಿದ್ದರು. ನಾನು ಸಮಿತಿಯ ವಿಷಯ ಹೇಳಿದೆ. ತಲೆ ಎತ್ತದೆ ಕೇಳಿಸಿಕೊಂಡರು.

"ಇಟ್ಕೋರಿ," ಎಂದರು. "ತೆಗೀಬ್ಯಾಡ್ರಿ."

"ನೀವು ಹಿಂಗ ಅಂತೀರೇನು ಉಸ್ತಾದ? ನಮಗ ಮೂವತ್ತು ಗುಟುಕು ಕುಡಿಸಿದವರು?"

"ಆ ಹುಡುಗನ ಅಪ್ಪ ವರ್ಷಾ ವರ್ಷಾ ಅದೇ ದಿನ ನನಗ ಫೋನ್ ಮಾಡ್ತಾನ. ಹದಿನಾರು ವರ್ಷ ಆಯ್ತು. ನನ್ನ ಮಗ ದೇಶಕ್ಕ ನೀರು ಕೊಟ್ಟು ಹೋದ ಉಸ್ತಾದಜೀ, ಅಂತಾನ. ನೀವು ಅವನ ಹೊತ್ಕೊಂಡು ಓಡಿದ್ರಿ, ನಿಮ್ಮ ಉಪಕಾರ ಮರೀಲಿಕ್ಕಾಗಲ್ಲ, ಅಂತಾನ. ಈಗ ನೀವು ಅದು ಬೇಕಾರ, ಕೆಟ್ಟ ಪದ್ಧತಿ ಅಂತ ಕಿತ್ತಿ ಒಗದ್ರ, ಅವನ ಮಗ ಯಾತಕ್ಕ ಸತ್ತ? ನಾ ಅವಗ ಏನ್ ಹೇಳ್ಲಿ?"

"ಖರೇ ಅವನೇ ಸುರಿದಿದ್ದನೇನ್ರಿ?"

ಮರಿಯನ್ನು ಬಿಟ್ಟರು. ಅದು ತಾಯಿಯ ಕಡೆ ಓಡಿತು. ಅದನ್ನೇ ನೋಡುತ್ತ ಹೇಳಿದರು:

"ಇಲ್ಲ. ಬಿಸಿಲು ಭಾಳ ಅದ ಉಸ್ತಾದ, ಇದೊಂದು ದಿನ ಇರ್ಲಿ ಅಂದ. ಮುಚ್ಚಳ ತೆಗೀಲೇ ಇಲ್ಲ. ನನ್ನ ಕಂಪನಿ ಇಜ್ಜತ್ ಹೋಗ್ತದಂತ ನಾನೇ ಕಸ್ಕೊಂಡು ಸುರಿದೆ. ದಾರ್‍ಯಾಗ ಬಿದ್ದ. ನಾಟಕ ಮಾಡ್ತಾನಂತ ಕಿವ್ಯಾಗ ಮೂರು ಸಲ ಸೀಟಿ ಊದಿದೆ. ಆಮ್ಯಾಲೆ ಹೊತ್ಕೊಂಡು ಓಡೀನಿ, ಅದು ಖರೇ ಅದ."

"ವಿಚಾರಣಿಯೊಳಗ ಯಾಕ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ಅವನೇ ಸುರಿದಾನ ಅಂತ ಅವರೇ ಬರಕೊಂಡು ಬಂದಿದ್ರು, ನಾ ಸಹಿ ಮಾಡಿದೆ. ನೀ ಕೇಳಿದಿ, ಹೇಳಿದೆ."

ಇದನ್ನು ಸಮಿತಿಗೆ ಬರೆಯಬೇಡ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವಿದೆ ಎಂದು ಅವರಿಗೆ ಅನಿಸಿರಲಿಕ್ಕಿಲ್ಲ. ಬರೆಯಲೇ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿತ್ತು.

ಅಕಾಡೆಮಿಗೆ ಮರಳಿ ಎರಡು ದಿನ ಕಾಗದದ ಮುಂದೆ ಕೂತೆ. ಬಾಯಿ ಮುಚ್ಚಿಕೊಂಡರೆ ಉಸ್ತಾದರು ಉಳಿಯುತ್ತಾರೆ, ದೂರದ ಊರಿನ ಒಬ್ಬ ತಂದೆಯ ಹೆಮ್ಮೆ ಉಳಿಯುತ್ತದೆ, ಬಾಟಲಿಯೂ ಉಳಿಯುತ್ತದೆ. ಮುಂದೊಂದು ದಿನ ಮತ್ತೆ ಯಾರೋ ಗಣ್ಯರು ಮೇ ತಿಂಗಳಲ್ಲೇ ಬರುತ್ತಾರೆ. 'ಸ್ವಇಚ್ಛೆ' ಎಂಬ ಆ ಒಂದು ಪದವನ್ನು ಮುರಿಯಲು ನನ್ನ ಬಳಿ ಉಸ್ತಾದರ ಮಾತು ಬಿಟ್ಟು ಬೇರೇನೂ ಇರಲಿಲ್ಲ. ಕುರಿಯ ಮರಿಯನ್ನು ನೋಡುತ್ತ ಅವರು ಆಡಿದ್ದನ್ನು ಒಂದಕ್ಷರ ಬಿಡದೆ, ಅವರ ಹೆಸರು ಸಮೇತ ಬರೆದು ಸಹಿ ಹಾಕಿದೆ. ಸಮಿತಿ ಅರ್ಧ ಗಂಟೆಯನ್ನೂ ತೆಗೆದುಕೊಳ್ಳದೆ ಬಾಟಲಿಯನ್ನು ಬಿಟ್ಟಿತು. ಚಮಚಗಳು ಉಳಿದವು. ಸತ್ತವನ ಮನೆಯವರಿಗೆ ನಿಜ ತಿಳಿಸುವುದು ನ್ಯಾಯ ಎಂದು ಬ್ರಿಗೇಡಿಯರ್ ಅವರಿಗೊಂದು ಪತ್ರ ಕಳಿಸಿದರು. ಹಾಗಾದೀತೆಂದು ನಾನು ಯೋಚಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದ್ದೆ. ಉಸ್ತಾದರಿಗೆ ಮೊದಲೇ ಫೋನ್ ಮಾಡಿ ಹೇಳುವ ಧೈರ್ಯ ಮಾತ್ರ ಆಗಲಿಲ್ಲ.

ಆ ತಂದೆ ಕೊನೆಯ ಸಲ ಫೋನ್ ಮಾಡಿದ್ದನ್ನು ಉಸ್ತಾದರ ಹೆಂಡತಿಯೇ ಆಮೇಲೆ ನನಗೆ ಹೇಳಿದರು. "ಮಗ ನೀರು ಕೇಳಿದ್ದನೇನು ಅಂತ ಕೇಳಿದ್ರಂತ್ರಿ. ಇವರು ಹೌದ್ರಿ ಅಂದ್ರು. ಆ ಕಡಿಂದ ಕಟ್ ಆಯ್ತು. ಇವರು ಫೋನು ಕಿವಿಗೆ ಹಿಡ್ಕೊಂಡೇ ಕುಂತಿದ್ರು, ನಾ ಬಂದು ಇಸ್ಕೊಂಡೆ." ಮರುದಿನ ಉಸ್ತಾದರು ಮೈದಾನಕ್ಕೆ ಹೋಗಿ, ಮನೆಗೆ ಹೋಗಿರಿ ಎಂದು ಎಲ್ಲರಿಗೂ ಹೇಳಿ, ಬೀದರು ಬಿಟ್ಟು ಚಿಂತಾಕಿಗೆ ಹೊರಟುಹೋದರು. ನನ್ನ ಫೋನನ್ನು ಒಮ್ಮೆಯೂ ಎತ್ತಲಿಲ್ಲ.

ಒಂದು ವರ್ಷವೂ ಆಗಿರಲಿಲ್ಲ, ಉಸ್ತಾದರು ತೀರಿಹೋದರು ಎಂದು ಮೈದಾನದ ಹಳೆಯ ಗೆಳತಿ ತಿಳಿಸಿದಳು. ರಜೆಯಲ್ಲಿ ಭಾಲ್ಕಿಯಲ್ಲಿದ್ದೆ. ಸಮವಸ್ತ್ರ ಹಾಕಿಕೊಂಡು ಬಾಡಿಗೆ ಕಾರಿನಲ್ಲಿ ಚಿಂತಾಕಿಗೆ ಹೋದೆ. ಅಂಗಳದಲ್ಲಿ ಅವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಕುತ್ತಿಗೆಯ ಕಪ್ಪು ಗೆರೆ ಹಾಗೇ ಇತ್ತು. ಮಣ್ಣಿಗೆ ಒಯ್ಯುವ ಮೊದಲು ಬಂದವರೆಲ್ಲ ಬಾಯಿಗೆ ಒಂದೊಂದು ಹನಿ ನೀರು ಬಿಡುವುದು ಅವರ ಮನೆಯ ಪದ್ಧತಿ. ಉಸ್ತಾದರ ಹೆಂಡತಿ ತಂಬಿಗೆ ಹಿಡಿದು ನಿಂತಿದ್ದರು, ಜನ ಸಾಲಾಗಿ ಹೋಗುತ್ತಿದ್ದರು. ನನ್ನ ಸರದಿ ಬಂದಾಗ ಬೊಗಸೆ ಒಡ್ಡಿದೆ. ಅವರು ತಂಬಿಗೆಯನ್ನು ಎದೆಗೆ ಹಿಡಿದುಕೊಂಡರು.

"ನೀವ ಬ್ಯಾಡ್ರಿ ಮೇಡಂ. ಹೇಳಿ ಹೋಗ್ಯಾರ."

"ಏನಂತ್ರಿ?"

"ಹನ್ನೊಂದು ಬರ್ತಾಳ, ಅಕಿ ಕೈಯಾಗಿನ ನೀರು ಬ್ಯಾಡ ಅಂದಾರ್ರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡ ಒಂದು ಕೆಲಸ ಒಪ್ಪಿಸಿದ್ದರು, ಇವರು ಮುಗಿಸಿದರು.

ಬೊಗಸೆ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಹಿಂದಿದ್ದವರು ಮುಂದೆ ಹೋದರು. ಅಷ್ಟು ಜನರ ನಡುವೆ ನನಗೆ ಅಳು ಬಂತು. ಇನ್ನಿಪ್ಪತ್ತು ಕಪ್ಪೆಜಿಗಿತ ಎಂದು ಯಾರೂ ಹೇಳಲಿಲ್ಲ. ಆ ವರದಿಯನ್ನು ಇವತ್ತು ಬರೆ ಎಂದರೂ ಅದನ್ನೇ ಬರೆಯುತ್ತೇನೆ. ನೀರು ಇಲ್ಲದೆ ಓಡಿಸಿದರೆ ಮನುಷ್ಯ ಸಾಯುತ್ತಾನೆ ಎಂದು ನನಗೆ ಕಲಿಸಿದವರು ಅವರೇ, ಮತ್ತು ಅವರನ್ನು ನಾನು ನನ್ನ ಅಪ್ಪನಿಗಿಂತ ಹೆಚ್ಚು ಹಚ್ಚಿಕೊಂಡಿದ್ದೆ. ಎರಡೂ ನಿಜ.

ಊರು ದಾಟಿದ ಮೇಲೆ ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ನೀರ ಕುಡೀರಿ ಮೇಡಂ," ಎಂದು ತನ್ನ ಬಾಟಲಿ ಕೊಟ್ಟ. ಗಂಟಲು ಏರಿಳಿದದ್ದನ್ನು ಒಂದೊಂದಾಗಿ ಎಣಿಸುತ್ತ ಕುಡಿದೆ. ಇಪ್ಪತ್ತಾರಕ್ಕೆ ಬಾಟಲಿ ಖಾಲಿಯಾಯಿತು. ಔರಾದ ಬರುವ ತನಕ ರಸ್ತೆಯಲ್ಲಿ ಒಂದು ಅಂಗಡಿಯೂ ಇರಲಿಲ್ಲ.