ತಿದಿ ಜಗ್ಗಿದ ಕೈ

ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ಕಲಿಸಿ ನನಗೇ ಸಾಕಾಗಿಬಿಟ್ಟಿದೆ. ಪ್ರತಿ ವರ್ಷ ಅದೇ ಪಾಠ: ಪ್ರಾಚೀನ ಭಾರತದಲ್ಲಿ ಮೊದಲು ತಾಮ್ರ, ಆಮೇಲೆ ಕಂಚು, ಆಮೇಲೆ ಕಬ್ಬಿಣ, ಕಡೆಗೆ ತುಕ್ಕು ಹಿಡಿಯದ ದಿಲ್ಲಿಯ ಕಂಬ. ಅದು ಯಾವ ರಾಜನದೆಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಬೆಂಕಿಗೆ ಗಾಳಿ ಹಾಕಿದವರು ಯಾರೆಂದು ಒಬ್ಬ ಪುಣ್ಯಾತ್ಮನೂ ಕೇಳಿಲ್ಲ.

ನಮ್ಮ ಮನೆಯಲ್ಲಿ ಗಾಳಿ ಹಾಕಿದವಳು ಅವ್ವ. ಕುಪ್ಪೇಲೂರಿನಲ್ಲಿ ನಮ್ಮದು ಕಮ್ಮಾರರ ಮನೆ. ಅಪ್ಪ ಇಕ್ಕಳ ಹಿಡಿದು ಕುಲುಮೆಯ ಮುಂದೆ ಕೂತರೆ, ಅವ್ವ ಪಕ್ಕದಲ್ಲಿ ನಿಂತು, ತಲೆಯ ಮೇಲಿನಿಂದ ಇಳಿಬಿದ್ದ ಹಗ್ಗ ಜಗ್ಗಿ ತೊಗಲಿನ ತಿದಿಯಿಂದ ಗಾಳಿ ಹಾಕುತ್ತಿದ್ದಳು. ಕಬ್ಬಿಣ ಕೆಂಪಾದೊಡನೆ ಹಗ್ಗ ಬಿಟ್ಟು ದೊಡ್ಡ ಸುತ್ತಿಗೆ ಎತ್ತಿ ಬಡಿಯುವವಳೂ ಅವಳೇ. ರೈತರು ಮಾತ್ರ ಕುಡಗೋಲು ಚಲೋ ಆಗಿದೆಯೆಂದು ಅಪ್ಪನನ್ನು ಹೊಗಳಿ ಹೋಗುತ್ತಿದ್ದರು.

ಈಗ ಅಪ್ಪ ಇಲ್ಲ, ಕುಲುಮೆಯೂ ಇಲ್ಲ. ನನ್ನ ಜೊತೆಗಿರುವ ಅವ್ವನ ಬಲಗೈ ಎದೆಯಿಂದ ಮೇಲೆ ಏಳುವುದಿಲ್ಲ. ತನ್ನ ತುರುಬು ತಾನೇ ಕಟ್ಟಿಕೊಳ್ಳಬೇಕೆಂಬುದೊಂದೇ ಅವಳ ಹಟ. ಅದಾಗದೆ, ಬೆಳಗಾದರೆ ಬಾಚಣಿಗೆ ಹಿಡಿದು, ತಲೆ ತಗ್ಗಿಸಿ ನನ್ನ ಮುಂದೆ ಕೂರುವುದು ಅವಳಿಗೆ ಸಾಯುವಷ್ಟು ನಾಚಿಕೆ. ನನಗೋ ಶಾಲೆಯ ಗಡಿಬಿಡಿ. ಸಿಡುಕುತ್ತಲೇ ಬಾಚಿ ಕಟ್ಟುತ್ತೇನೆ.

ಕಡೆಗೆ ಹಾವೇರಿಯ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ತೋಳು ಒತ್ತಿ ನೋಡಿ, "ಏನ್ ಕೆಲಸಾ ಮಾಡತಿದ್ರಿ, ಅಮ್ಮಾ?" ಎಂದರು.

"ಏನಿಲ್ರಿ, ಮನ್ಯಾಗ ಇರತಿದ್ನಿ."

ನನಗೆ ಮೈಯೆಲ್ಲ ಉರಿಯಿತು. "ಯವ್ವಾ, ಖರೇ ಹೇಳ!"

"ಸುಮ್ನ ಕುಂದರ. ಕೆಲಸಾ ನಿಮ್ಮಪ್ಪಂದು. ನಾ ಕೈ ಹಚ್ಚತಿದ್ನಿ, ಅಷ್ಟ."

ಡಾಕ್ಟರ್ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ವ್ಯಾಯಾಮ ಮಾಡಿಸುವಾಕೆ ಚಾವಣಿಗೆ ತೂಗುಬಿಟ್ಟ ರಾಟೆಗೆ ಹಾಕಿದ್ದ ಹಗ್ಗದ ಎರಡೂ ತುದಿಗಳನ್ನು ಅವ್ವನ ಕೈಗೆ ಕೊಟ್ಟಳು. ಎಡಗೈ ಕೆಳಕ್ಕೆ ಜಗ್ಗಿದರೆ ಬಲಗೈ ಮೇಲೇಳಬೇಕು. ಅವ್ವ ಹಗ್ಗ ನೋಡಿದಳು, ನನ್ನ ಮುಖ ನೋಡಿದಳು, ನಕ್ಕೇಬಿಟ್ಟಳು.

"ಅಯ್ಯ ಶಿವನ! ಇದನ್ನ ಜಗ್ಗಿ ಜಗ್ಗೇ ಹೋದ ಕೈ ಇದು!"

ಆದರೂ ಜಗ್ಗಿದಳು. ಕಾಲು ಅಗಲಿಸಿ ನಿಂತು, ಕಾವು ತಾಗದಂತೆ ಮುಖ ಒಂದು ಕಡೆ ತಿರುಗಿಸಿಕೊಂಡು. ಅಲ್ಲಿ ಬೆಂಕಿ ಎಲ್ಲಿತ್ತು? ನನಗೆ ಕಣ್ಣು ತುಂಬಿ ಬಂತು.

"ಭಾಳ ಚಲೋ ಮಾಡಾಕತ್ತೀರಿ. ಮೊದಲ ಎಲ್ಲಿ ಕಲ್ತಿದ್ರಿ?" ಎಂದಳು ಆಕೆ.

"ಕಬ್ಬಿಣಾ ಕಾಸತಿದ್ನಿ," ಎಂದಳು ಅವ್ವ. ಅಪ್ಪನ ಮಾತು ಎತ್ತಲಿಲ್ಲ.

ಕೈ ಕಿವಿಯ ತನಕ ಬಂತು, ಅಲ್ಲಿಗೇ ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಸಡಿಲಾದ ತುರುಬನ್ನು ಮತ್ತೆ ನಾನೇ ಬಿಚ್ಚಿ ಕಟ್ಟಿದೆ. ಈ ಸಲ ಅವಳು ತಲೆ ತಗ್ಗಿಸಲಿಲ್ಲ.